ಬೆಳ್ಳಿಯಂತೆ ಹೊಳೆಯುವ ಚೀಟಿ

"ಓದಲೇ." ದುರ್ಗಪ್ಪನ ಕುತ್ತಿಗೆ ಹಿಡಿದು ಮಲಕಪ್ಪ ಕಂಪ್ಯೂಟರಿನ ಪರದೆಯತ್ತ ಬಗ್ಗಿಸಿದ. "ಎಲ್ಲಾರಿಗೂ ಕೇಳೂಹಂಗ ಓದು."

ಪರದೆ ಕಪ್ಪಾಗಿತ್ತು. ಮೂಲೆಯಲ್ಲಿ ಇಂಗ್ಲಿಷಿನ ಎರಡು ಸಾಲು. ದುರ್ಗಪ್ಪ ಅರ್ಥ ಹೇಳಿದ: "ಈ ಸಾಫ್ಟ್‌ವೇರ್ ಅಸಲಿ ಅಲ್ಲ. ಯಾರೋ ನಿಮಗ ನಕಲಿ ಕೊಟ್ಟು ಮೋಸ ಮಾಡಿರಬಹುದು."

"ಯಾರೋ ಅಲ್ಲ. ನೀನು."

ಅಂಬೇವಾಡಿಯ ಮಲಕಪ್ಪನ ಮನೆಗೆ ಕಂಪ್ಯೂಟರ್ ಬಂದದ್ದು ಆಯುಧಪೂಜೆಯ ಹಿಂದಿನ ದಿನ. ಕಾರ್ಖಾನೆಯ ಕಾರ್ಮಿಕರಿಗೆ ಮಲಕಪ್ಪ ಮುಂದಾಳು. ಅವನು ಕೊಂಡನೆಂದು ಅವನ ಪಾಳಿಯ ಇಪ್ಪತ್ತು ಜನ ದುರ್ಗಪ್ಪನ ಅಂಗಡಿಯಲ್ಲೇ ಕೊಂಡಿದ್ದರು.

"ಅಣ್ಣಾರ, ನಾ ಕೊಟ್ಟಿದ್ದು ಅಸಲಿನ. ನಡುವ ಯಾರರ ಕೈ ಹಾಕ್ಯಾರೇನು?"

"ವೈರಸ್ ಬಂದಿತ್ತು, ನಾ ಹೊಸದಾಗಿ ಹಾಕಿದೆ," ಎಂದ ಮಲಕಪ್ಪನ ಹೆಂಡತಿಯ ತಮ್ಮ ಈಶಪ್ಪ. "ನಂಬರ್ ಕೇಳ್ತು. ಎಲ್ಲೂ ಇರಲಿಲ್ಲ. ಗೆಳೆಯಾನ ನಂಬರ್ ಹೊಡದೆ."

"ಇರಲಿಲ್ಲ ಅಂದ್ರ? ನಂಬರಿನ ಚೀಟಿ ಸಿಪಿಯುಗೆ ಅಂಟಿದ್ದು ನಾನ ನೋಡಿ ಕೊಟ್ಟೇನಿ. ಬೆಳ್ಳಿಗತೆ ಹೊಳಿತೈತಿ. ಅದ ಅಸಲಿಗೆ ಸಾಕ್ಷಿ."

"ತೋರಸು."

ದುರ್ಗಪ್ಪ ಮಂಡಿಯೂರಿದ. ಸಿಪಿಯು ಮೇಲೆ ಪೂಜೆಯ ವಿಭೂತಿ, ಕುಂಕುಮ ಒಣಗಿ ಹೆಪ್ಪುಗಟ್ಟಿತ್ತು. ಅಂಗಿಯ ಚುಂಗಿನಿಂದ ಒರೆಸಿದ. ಕೆಳಗೆ ಬರೀ ತಗಡು. ನಾಲ್ಕೂ ಬದಿ ಒರೆಸಿದ. ತಗಡೇ.

"ಪೂಜಾದ ಕುಂಕಮ ಒರಸ್ತೀ? ನಿನ್ನ ಕೈ ಸೇದಿ ಹೋಗ್ಲಿ!" ಬಾಗಿಲಲ್ಲಿ ಕುಳಿತಿದ್ದ ಮಲಕಪ್ಪನ ಹೆಂಡತಿ ಯಲ್ಲವ್ವ ಚೀರಿದಳು. ಹೊಸ ತಂಬಿಗೆಗೆ ಅಂಟಿದ್ದ ಕಂಪನಿಯ ಚೀಟಿಗೆ ಎಣ್ಣೆ ಹಚ್ಚಿ ಉಗುರಿನಿಂದ ಕೆರೆಯುತ್ತಿದ್ದಳು, ಕೈ ನಿಲ್ಲಲಿಲ್ಲ.

ಮಲಕಪ್ಪ ನಕ್ಕ. "ಬೆಳ್ಳಿ ಎಲ್ಲಿಗೆ ಓಡಿಹೋತೋ, ಸಾವಕಾರ?"

ಮರುದಿನ ಬೆಳಗಿನ ಪಾಳಿ ಬಿಟ್ಟ ಮೇಲೆ ಇಪ್ಪತ್ತೂ ಜನ ಅಂಗಡಿಗೆ ನುಗ್ಗಿದರು. ಮಾನಿಟರುಗಳನ್ನು ರಸ್ತೆಗೆ ಎಸೆದರು. ಆಮೇಲೆ ಇಬ್ಬರು ದುರ್ಗಪ್ಪನ ಬಲಗೈ ಹೊಸ್ತಿಲ ಮೇಲೆ ಒತ್ತಿ ಹಿಡಿದರು. ಶಟರ್ ಎಳೆದವನು ಮಲಕಪ್ಪ. ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ನಾಲ್ಕು ಬೆರಳು ತೆಗೆದರು.

ಹದಿನೈದು ದಿನಕ್ಕೆ ದುರ್ಗಪ್ಪನ ಹೆಂಡತಿ ಸಹನಾ ಅಂಬೇವಾಡಿಗೆ, ಮಲಕಪ್ಪನ ಮನೆಗೆ ಬಂದಳು.

"ಊರು ಬಿಡ್ತೇವ್ರಿ ಅಣ್ಣಾರ. ಇನ್ನರ ಮನಿಗೆ ಕಲ್ಲು ಒಗಿಯೂದು ನಿಲ್ಲಸ್ರಿ."

"ಅವ ತಪ್ಪು ಒಪ್ಪಿದನೇನು?"

ಅವಳು ನೆಲ ನೋಡಿದಳು. "ಒಪ್ಯಾರ್ರಿ. ತಾವ ಮೋಸ ಮಾಡಿದ್ದು ಅಂತ ಹೇಳಂದಾರ."

"ಅಷ್ಟ ಬೇಕಾಗಿತ್ತು ನನಗ."

ಸಹನಾ ತಿರುಗಿದಳು. ಯಲ್ಲವ್ವ ತಡೆದಳು. "ನಿಲ್ಲವಾ. ಗಂಡ ಮೋಸಗಾರ ಇದ್ರೂ ನೀ ಮುತ್ತೈದಿ. ಬರೇ ಹಣಿಲೆ ಕಳಸಬಾರದು."

ದೇವರ ಜಗಲಿಯಿಂದ ಕುಂಕುಮದ ಡಬ್ಬಿ ತಂದಳು. ಸಹನಾ ಕಣ್ಣು ಮುಚ್ಚಿ ತಲೆ ಬಗ್ಗಿಸಿದಳು. ಡಬ್ಬಿಯ ಮುಚ್ಚಳದ ಮೇಲೆ ಚಂದಕ್ಕೆಂದು ಅಂಟಿಸಿದ್ದ ಚೀಟಿ ಬೆಳ್ಳಿಯಂತೆ ಹೊಳೆಯಿತು. ಅದರಲ್ಲಿ ಐದೈದರಂತೆ ಐದು ಗುಂಪು ಇಂಗ್ಲಿಷ್ ಅಕ್ಷರ, ಅಂಕಿ.

ಮಲಕಪ್ಪ ಅದನ್ನೇ ನೋಡಿದ. ಆಮೇಲೆ ಅಂಗೈಯನ್ನು ಮುಚ್ಚಳದ ಮೇಲೆ ಒತ್ತಿ ಹೆಂಡತಿಗೆ ಹೇಳಿದ: "ಲಗೂ ಹಚ್ಚಿ ಕಳಸು, ಪಾಪ, ಬಸ್ ತಪ್ಪೀತು."