ಎಸೆಯಲು ಇಟ್ಟ ಡಬ್ಬಿ

"ಇದಕ್ಕೂ ವಾಸನೇನೇ ಇಲ್ವಲ್ಲ" ಎಂದು ಆ ಹೆಂಗಸು ಮೂರನೆಯ ಡಬ್ಬಿಯನ್ನೂ ಪಕ್ಕಕ್ಕೆ ಸರಿಸಿದಾಗ, ಕೌಂಟರಿನ ಹಿಂದೆ ನಿಂತಿದ್ದ ಮಾರಾಟದಾಕೆಗೆ ಅನುಮಾನ ಶುರುವಾಯಿತು.

ಉಳ್ಳವರು ತಿನ್ನುವ ಅಪರೂಪದ ತಿನಿಸುಗಳ ಅಂಗಡಿ ಅದು. ನೀಲಿ ಬೂಷ್ಟು ಹಿಡಿದ ಚೀಸ್, ಲೋಳೆಯಲ್ಲಿ ಮುಳುಗಿದ ಬಸವನಹುಳು, ತಿಂಗಳುಗಟ್ಟಲೆ ನೇತುಹಾಕಿದ ಮಾಂಸ. ಎಲ್ಲಕ್ಕಿಂತ ಮೇಲಿನ ಸ್ಥಾನ ಕ್ಯಾವಿಯಾರ್‌ಗೆ. ಯಾವುದೋ ದೊಡ್ಡ ಮೀನಿನ ಹೊಟ್ಟೆಯಿಂದ ತೆಗೆದು ಉಪ್ಪು ಬೆರೆಸಿದ ಕಪ್ಪು ಮೊಟ್ಟೆಗಳು. ನೋಡಿದರೇ ಮಾರಾಟದಾಕೆಗೆ ಅಸಹ್ಯ. ಎಂಟು ವರ್ಷವಾದರೂ ಅಭ್ಯಾಸವಾಗಿಲ್ಲ. ಉಸಿರು ಬಿಗಿಹಿಡಿದು, ನಗುಮುಖದಿಂದ "ಇವತ್ತಿನ ಮಾಲು ತುಂಬಾ ಚೆನ್ನಾಗಿದೆ" ಎನ್ನುವುದಕ್ಕೇ ಅವಳಿಗೆ ಸಂಬಳ.

ಸಂಜೆ ಮನೆಗೆ ಹೋದರೆ ಆರು ವರ್ಷದ ಮಗಳು ಓಡಿಬರುತ್ತಾಳೆ. ಬಂದವಳು ಅರ್ಧ ದಾರಿಯಲ್ಲೇ ನಿಂತು ಮೂಗು ಹಿಡಿದುಕೊಳ್ಳುತ್ತಾಳೆ. "ಥೂ, ಅಮ್ಮಾ! ಮೊದ್ಲು ಕೈ ತೊಳ್ಕೊಂಡು ಬಾ." ನಿಂಬೆಹಣ್ಣು ಉಜ್ಜಿ ಉಜ್ಜಿ ಬೆರಳಿನ ಚರ್ಮ ಸುಲಿದಿದೆ. ವಾಸನೆ ಹೇಗೋ ಹೋಗುತ್ತದೆ. ಆ "ಥೂ" ಮಾತ್ರ ಮಲಗುವವರೆಗೂ ಕಿವಿಯಲ್ಲೇ ಇರುತ್ತದೆ.

ಅಂಥ ಅಂಗಡಿಗೆ ಬರುವವಳ ಹಾಗೆ ಇರಲಿಲ್ಲ ಈ ಗಿರಾಕಿ. ಮಾಸಲು ಬಟ್ಟೆ, ಸವೆದ ಚಪ್ಪಲಿ, ಕೈಯಲ್ಲೊಂದು ಪುಟ್ಟ ನೋಟ್‌ಬುಕ್ಕು. ಚೀಸು, ಮಾಂಸ, ಬಸವನಹುಳು ಒಂದೊಂದನ್ನೂ ಮೂಗಿನ ಹತ್ತಿರ ತರುವಳು, ಮುಖ ಹಿಂಡುವಳು. ಆದರೂ "ಊಹೂಂ, ಸಾಲದು" ಎಂದು ಮುಂದಿನದಕ್ಕೆ ಕೈ ಚಾಚುವಳು. ಮಾರಾಟದಾಕೆ ಕತ್ತು ಓರೆಮಾಡಿ ನೋಟ್‌ಬುಕ್ಕಿನೊಳಗೆ ಇಣುಕಿದಳು. ಪುಟದ ಮೇಲಿಂದ ಕೆಳಗಿನವರೆಗೆ ತಪ್ಪು ಗುರುತುಗಳು. ಒಂದೂ ಸರಿ ಗುರುತಿಲ್ಲ.

ಪಕ್ಕದ ಬೇಕರಿಗೆ ಬೀಗ ಬಿದ್ದು ಇನ್ನೂ ವಾರವಾಗಿಲ್ಲ. ಆಹಾರ ಇಲಾಖೆಯವಳು ಅಲ್ಲಿಗೂ ಗಿರಾಕಿಯ ಹಾಗೆಯೇ ಬಂದಿದ್ದಳಂತೆ.

"ಮನೆಗೆ ಅತ್ತೆ ಬರ್ತಿದಾರಾ ಮೇಡಂ?" ಎಂದು ತಮಾಷೆ ಮಾಡಿ ನೋಡಿದಳು.

"ಅತ್ತೆಗಾಗಿದ್ರೆ ಒಳ್ಳೇದೇ ತಗೊಳ್ತಿದ್ದೆ. ಪಾಪದ ಹೆಂಗಸು."

ಮಾರಾಟದಾಕೆ ಚಿಪ್ಪಿನ ಚಮಚ ತೆಗೆದಳು. ಲೋಹ ತಾಗಿದರೆ ರುಚಿ ಕೆಡುತ್ತದೆ. ಅತ್ಯಂತ ದುಬಾರಿ ಡಬ್ಬಿಯಿಂದ ನಾಲ್ಕು ಕಾಳು ಎತ್ತಿ, ಪದ್ಧತಿಯಂತೆ ಗಿರಾಕಿಯ ಮುಂಗೈ ಮೇಲಿಟ್ಟಳು. "ಒಳ್ಳೇ ಮಾಲಿಗೆ ವಾಸನೆ ಇರಲ್ಲ ಮೇಡಂ. ನಾತ ಬಂದ್ರೆ ಕೆಟ್ಟಿದೆ ಅಂತ್ಲೇ ಅರ್ಥ."

"ಹಾಗಾದ್ರೆ ಕೆಟ್ಟಿರೋದೇ ತೋರಿಸಿ."

ಮಾರಾಟದಾಕೆಯ ಕಣ್ಣು ತಾನಾಗಿಯೇ ಫ್ರಿಜ್ಜಿನ ಕೆಳಗಿನ ಅರೆಗೆ ಹೋಯಿತು. ಅಲ್ಲೊಂದು ಡಬ್ಬಿ ಇತ್ತು. ಯಾರೋ ವಾಪಸ್ ತಂದುಕೊಟ್ಟದ್ದು. ಮೊನ್ನೆಯೇ ಎಸೆಯಲು ಮಾಲೀಕರು ಹೇಳಿದ್ದರು. ಮಗಳು ಕಾಯುತ್ತಿರುತ್ತಾಳೆಂದು ಮನೆಗೆ ಓಡುವ ಗಡಿಬಿಡಿಯಲ್ಲಿ ಮರೆತಿದ್ದಳು. "ಇನ್ನೊಂದು ತಪ್ಪಾದ್ರೆ ನಿಮ್ಮ ದಾರಿ ನೀವು ನೋಡ್ಕೊಳ್ಳಿ" ಎಂದು ಹಿಂದೆಯೇ ಒಮ್ಮೆ ಎಚ್ಚರಿಸಿದ್ದರು ಬೇರೆ.

ಗಿರಾಕಿ ಆ ನೋಟ ಹಿಡಿದುಬಿಟ್ಟಳು. "ಅದು. ಆ ಮೂಲೇದು."

"ಅದು ಮಾರೋದಲ್ಲ ಮೇಡಂ, ಎಸೆಯೋಕೆ ಇಟ್ಟಿರೋದು."

"ತೆಗೀರಿ."

ಮುಚ್ಚಳ ಸಡಿಲಿಸಿದ್ದೇ ತಡ, ಸತ್ತ ಇಲಿಯೊಂದು ಕೊಚ್ಚೆಯಲ್ಲಿ ನೆನೆದಂಥ ನಾತ ಗಪ್ಪೆಂದು ಎದ್ದಿತು. ಮಾರಾಟದಾಕೆ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಗಿರಾಕಿ ಓಕರಿಸಿದಳು, ಕಣ್ಣಲ್ಲಿ ನೀರು ತಂದುಕೊಂಡಳು. ಆಮೇಲೆ ಮೊದಲ ಸಲ ಅವಳ ಮುಖ ಅರಳಿತು.

"ಸಿಕ್ತು!"

ಆ ನಗು ನೋಡಿ ಮಾರಾಟದಾಕೆ ಕೈ ಮುಗಿದಳು. "ಮೇಡಂ, ನಿಮ್ಮ ದಮ್ಮಯ್ಯ. ಮನೇಲಿ ಚಿಕ್ಕ ಮಗಳಿದಾಳೆ. ಈ ಕೆಲಸ ಒಂದೇ ನನಗಿರೋದು."

"ಅಯ್ಯೋ, ನೀವ್ಯಾಕೆ ಹೆದರ್ತೀರಿ? ಯಾರ ಬಾಯಿಗೂ ಹಾಕಲ್ಲ. ಹೊರಗೆ ಕಾರಲ್ಲಿ ಕೂತಿದಾರೆ, ಅವರಿಗೊಂದ್ಸಲ ತೋರಿಸ್ಬೇಕು, ಅಷ್ಟೇ."

"ಯಾರವರು?"

"ದೊಡ್ಡ ದೊಡ್ಡ ಹೋಟೆಲ್ಲಿನ ಅಡುಗೆಮನೆಗಳೇ ಅವರ ಮೂಗಿಗೆ ಹೆದರ್ತಿದ್ವು. ಬಾಗಿಲಲ್ಲಿ ನಿಂತೇ ಯಾವ ಪಾತ್ರೇಲಿ ಏನು ಕೆಟ್ಟಿದೆ ಅಂತ ಹೇಳೋರು."

ಹಾಗಾದರೆ ಇವಳ ಮೇಲಧಿಕಾರಿಯೇ ಬಂದು ಕೂತಿದ್ದಾನೆ! ಹೆಂಗಸು ಡಬ್ಬಿ ಹಿಡಿದು ಬಿರಬಿರನೆ ಹೊರಟಳು. ಮಾರಾಟದಾಕೆ ಕೈ ಒರೆಸಿಕೊಳ್ಳುತ್ತಾ ಹಿಂದೆಯೇ ಓಡಿದಳು.

ಕಾರಿನಲ್ಲಿ ಕೂತವನು ಎತ್ತರದ ಆಳು. ಅಂಗಿ ಮಾತ್ರ ಬೇರೆಯವರದನ್ನು ತೊಟ್ಟಂತೆ ಜೋಲುತ್ತಿತ್ತು. ಮಡಿಲಲ್ಲಿ ಊಟದ ಡಬ್ಬಿ ತೆರೆದಿತ್ತು, ಅನ್ನ ಹಾಗೇ ಇತ್ತು. ಕಿಟಕಿಯೊಳಗೆ ಬಂದ ಕ್ಯಾವಿಯಾರ್ ಡಬ್ಬಿಯನ್ನು ಅವನು ಬೇಸರದಿಂದ ತೆಗೆದುಕೊಂಡ, ಮೂಗಿನ ಬಳಿ ಹಿಡಿದ. ಒಂದು ಗಳಿಗೆ ಏನೂ ಆಗಲಿಲ್ಲ. ಇನ್ನೊಮ್ಮೆ ಉಸಿರೆಳೆದ. ಹುಬ್ಬು ಗಂಟಾಯಿತು. ಮೂಗಿನ ಹೊಳ್ಳೆ ಅದುರಿತು.

"ಥೂ!" ಎಂದು ಬೀದಿಗೆ ಕೇಳುವಂತೆ ಕೂಗಿದ. "ಏನೇ ಇದು, ಹೆಣದ ನಾತ!"

ಕೆಲಸ ಹೋಯಿತು. ಮಾರಾಟದಾಕೆ ಅಂಗಡಿಯ ಬಾಗಿಲಿಗೆ ಆತುಕೊಂಡು ನಿಂತಳು. ಹೆಂಗಸು ನೋಟ್‌ಬುಕ್ಕು ಬಿಡಿಸಿ, ಪುಟದ ಕೊನೆಯಲ್ಲಿ ದೊಡ್ಡದೊಂದು ಸರಿ ಗುರುತು ಹಾಕಿದಳು.

ಮತ್ತೆ ಕಿಟಕಿಯೊಳಗೆ ಎರಡೂ ಕೈ ಚಾಚಿ ಗಂಡನ ಮುಖ ಹಿಡಿದುಕೊಂಡು ಅತ್ತೇಬಿಟ್ಟಳು: "ಜ್ವರ ಬಿಟ್ಟು ಐದು ತಿಂಗಳಾದ ಮೇಲೆ ಇವತ್ತು ನಿಮ್ಮ ಮೂಗಿಗೆ ವಾಸನೆ ಗೊತ್ತಾಯ್ತು ರೀ! ಇನ್ನೊಂದ್ಸಲ ಥೂ ಅನ್ನಿ, ಕೇಳ್ತೀನಿ!"