ಇವತ್ತಿನ ಸಾಲು

"ಗುರುತಿನ ಚೀಟಿ ಯಾಕಜ್ಜಿ? ಮ್ಯೂಸಿಯಂ ನೋಡೋಕೆ ಟಿಕೆಟ್ ಸಾಕು," ಅಂದಳು ಕೌಂಟರಿನ ಹುಡುಗಿ ಕಿಯೋನಾ. ಮುದುಕಿ ವರ್ನೆಲ್ಲಾ ಚೀಟಿ ಹಿಡಿದು ಚಾಚಿದ ಕೈ ಚಾಚಿದ ಹಾಗೇ ನಿಂತಿತು. ಅಲಬಾಮದ ಆ ಸಣ್ಣ ಊರಿನಲ್ಲಿ ಐವತ್ತೆಂಟು ವರ್ಷ ಅವಳು ಮತ ಹಾಕಿದ್ದು ಇದೇ ಕಟ್ಟಡದಲ್ಲಿ. ಇವತ್ತೂ ಚುನಾವಣೆಯೆಂದು ಭಾನುವಾರ ಚರ್ಚಿಗೆ ಹಾಕುವ ಒಳ್ಳೆಯ ಹ್ಯಾಟು ಹಾಕಿಕೊಂಡು ಬಂದಿದ್ದಳು. ಮಂಜುಗಣ್ಣಿಗೆ ಮ್ಯೂಸಿಯಂನ ಹೊಸ ಬೋರ್ಡು ಕಂಡಿರಲಿಲ್ಲ. ಬಾಗಿಲಲ್ಲಿ ಸಾಲು ಕಂಡಿತ್ತು. ಸದ್ಯ, ಜನ ಬಂದಿದ್ದಾರಲ್ಲ ಅಂತ ಖುಷಿಯಿಂದಲೇ ನಿಂತಿದ್ದಳು.

"ನಾನು ಓಟು ಹಾಕೋಕೆ ಬಂದೋಳು ಕಣೇ."

"ಅಯ್ಯೋ, ಮತಗಟ್ಟೆ ಇಲ್ಲಿಂದ ತೆಗೆದ್ರಲ್ಲ ಅಜ್ಜಿ! ಈಗ ಹೆದ್ದಾರಿ ಆಚೆ, ಇಪ್ಪತ್ತೆರಡು ಮೈಲಿ. ನಿಮಗೆ ಕಾಗದ ಬರ್ಲಿಲ್ವಾ?"

ಕಾಗದ ಬಂದಿರಲಿಲ್ಲ. ಆ ಕಡೆ ಬಸ್ಸಿರಲಿಲ್ಲ, ವರ್ನೆಲ್ಲಾಗೆ ಕಾರಿರಲಿಲ್ಲ, ಕರೆದೊಯ್ಯುವವರೂ ಇರಲಿಲ್ಲ. ಹುಡುಗಿಗೆ ಪಾಪ ಅನ್ನಿಸಿತು. "ಬನ್ನಿ, ನಿಮಗೆ ಟಿಕೆಟ್ ಬೇಡ," ಎಂದು ಕೈ ಹಿಡಿದು ಒಳಗೆ ಕರೆದೊಯ್ದಳು. ಎದುರು ಗೋಡೆಯಲ್ಲೇ ದೊಡ್ಡ ಫೋಟೋ ಇತ್ತು: ೧೯೬೬, ಇದೇ ಬಾಗಿಲು, ಊರಿನ ಕಪ್ಪು ಜನ ಮೊದಲ ಸಲ ಮತ ಹಾಕಲು ನಿಂತ ಸಾಲು. ನಡುವೆ ಗಲ್ಲದ ಮೇಲೆ ಮಚ್ಚೆಯಿದ್ದ ಒಬ್ಬ ತೆಳ್ಳಗಿನ ಯುವತಿ. ಕಿಯೋನಾ ಫೋಟೋ ನೋಡಿದಳು, ಪಕ್ಕದಲ್ಲಿದ್ದ ಮುದುಕಿಯ ಗಲ್ಲ ನೋಡಿದಳು.

"ಅಜ್ಜಿ... ಇದು ನೀವಾ?"

ವರ್ನೆಲ್ಲಾ ಚೀಟಿಯನ್ನು ಪರ್ಸಿಗೆ ಹಾಕಿ, ಪರ್ಸಿನ ಬಾಯಿ ಮುಚ್ಚಿದಳು.

"ಹೂಂ ಮಗಳೇ. ಅವತ್ತು ಒಳಗೆ ಬರೋಕೆ ಆರು ಗಂಟೆ ಬಿಸಿಲಲ್ಲಿ ನಿಂತಿದ್ದೆ. ಇವತ್ತು ನೋಡು, ನಾಲ್ಕೇ ನಿಮಿಷಕ್ಕೆ ಬಿಟ್ರಿ."