ಕಬೂಲ್

ಕಳ್ಳತನ ಒಪ್ಪಿಕೊಳ್ಳುತ್ತೀಯಾ ಎಂದು ನ್ಯಾಯಾಧೀಶರು ಮರಾಠಿಯಲ್ಲಿ ಎರಡನೆಯ ಸಲ ಕೇಳಿದಾಗಲೂ ಸಿದ್ಧಲಿಂಗ ಕಟಕಟೆಯ ಕಂಬಿ ಹಿಡಿದು ತನ್ನ ವಕೀಲರತ್ತ ನೋಡಿದ. ಇಚಲಕರಂಜಿಯ ಮಗ್ಗದ ಕಾರಖಾನೆಯಿಂದ ನೂಲು ಕದ್ದವನು ಅವನಲ್ಲ. ಆದರೆ ಜಾಮೀನಿಗೆ ನಿಲ್ಲುವವರು ಸಿಗದೆ, ವಿಚಾರಣೆ ಶುರುವಾಗುವ ಮೊದಲೇ ಎರಡು ವರ್ಷಕ್ಕೂ ಹೆಚ್ಚು ಕಾಲ ಜೈಲಿನಲ್ಲಿ ಕಳೆದಿದ್ದ.

“ಹೂಂ ಅನ್ನೋ ಮಾರಾಯಾ,” ವಕೀಲರು ಪಿಸುಗುಟ್ಟಿದರು. “ಒಳಗ ಕಳದ ದಿವಸ ಎಲ್ಲಾ ಶಿಕ್ಷಾದಾಗ ಹಿಡೀತಾರ. ನಾಳೆ ಮನ್ಯಾಗ ಇರ್ತಿ. ಇಲ್ಲಂದ್ರ ಕೇಸು ಇನ್ನೂ ಎಷ್ಟ ವರ್ಷ ಎಳೀತೈತೋ!”

ಹಿಂದಿನ ಬೆಂಚಿನಲ್ಲಿ ಕುಳಿತಿದ್ದ ಹೆಂಡತಿ ಕಾಂಚನ ಬೇಡವೆಂದು ಮೆಲ್ಲಗೆ ತಲೆಯಾಡಿಸುತ್ತಿದ್ದಳು. ಅವನು ಅವಳತ್ತ ನೋಡುವುದನ್ನು ಬಿಟ್ಟ. ಜೈಲಿನ ಕಿಕ್ಕಿರಿದ ಬ್ಯಾರಕ್ಕು ನೆನಪಾಯಿತು.

“ಕಬೂಲ್ ಆಹೆ, ಸಾಹೇಬ,” ಎಂದು ಮರಾಠಿಯಲ್ಲೇ ಒಪ್ಪಿಕೊಂಡ.

ನ್ಯಾಯಾಧೀಶರು ಎರಡು ವರ್ಷ ಶಿಕ್ಷೆ ಕೊಟ್ಟರು, ಒಳಗಿದ್ದ ಅವಧಿಯನ್ನು ಅದಕ್ಕೇ ಜಮಾ ಹಿಡಿದು ಬಿಡುಗಡೆಗೆ ಆದೇಶಿಸಿದರು. ಎಲ್ಲ ಕೆಲವೇ ನಿಮಿಷಗಳಲ್ಲಿ ಮುಗಿಯಿತು. ಬಿಡುಗಡೆಯ ಕಾಗದಪತ್ರಕ್ಕಾಗಿ ಪೊಲೀಸರು ಅವನನ್ನು ಮತ್ತೆ ಜೈಲಿಗೆ ಕರೆದೊಯ್ಯುವಾಗ ಕಾಂಚನ ಪಡಸಾಲೆಯಲ್ಲಿ ಎದುರಾದಳು.

“ನಾ ಕದ್ದಿಲ್ಲ, ಕಾಂಚನಾ.”

“ಗೊತ್ತೈತ್ರಿ.” ಅವಳು ಅವನ ಅಂಗಿಯ ಮಡಚಿದ ಕಾಲರನ್ನು ಸರಿಮಾಡಿದಳು. “ಇಷ್ಟ ದಿವಸ ಓಣಿ ತುಂಬಾ ಅದನ್ನ ಹೇಳ್ಕೋತ ಬಂದೇನಿ. ಇನ್ನ ಯಾರ್ ನಂಬ್ತಾರ್ರೀ?”